ಮೂಲಕ್ಕೆ ಬಾಗುವ ಕೈ

ದೀಪಾವಳಿಗೆ ಇನ್ನೊಂದು ವಾರ ಎನ್ನುವಾಗಲೇ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಹೌಸಿಂಗ್ ಸೊಸೈಟಿಗಳ ಮೂಲೆಯಲ್ಲಿ ಇಟ್ಟಿಗೆ, ಕಲ್ಲು, ಮಣ್ಣಿನ ಚೀಲಗಳು ಬಂದು ಬೀಳುತ್ತವೆ. ಶಾಲೆಗೆ ರಜೆ ಸಿಕ್ಕ ಮಕ್ಕಳು ಇಟ್ಟಿಗೆಗಳನ್ನು ಏರುತಗ್ಗಾಗಿ ಪೇರಿಸಿ, ಗೋಣಿತಾಟನ್ನು ಕೆಸರುನೀರಿನಲ್ಲಿ ಅದ್ದಿ ಮೇಲೆ ಹೊದಿಸಿ, ಅದಕ್ಕೆ ಮಣ್ಣು ಮೆತ್ತಿ ಬೆಟ್ಟ ಮಾಡುತ್ತಾರೆ. ನೆತ್ತಿಯ ಮೇಲೆ ಕೋಟೆಗೋಡೆ, ಬುರುಜು, ಮಹಾದ್ವಾರ. ಇಳಿಜಾರಿನಲ್ಲಿ ಬೆರಳಿನಿಂದ ಕೊರೆದ ದಾರಿ. ಸಾಸಿವೆಯನ್ನೋ ರಾಗಿಯನ್ನೋ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕೈದು ದಿನಗಳಲ್ಲಿ ಬೆಟ್ಟ ಹಸಿರಾಗುತ್ತದೆ. ಕೊನೆಗೆ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರ ಗೊಂಬೆ, ಬುರುಜುಗಳ ಮೇಲೆ ಮಾವಳೆ ಸೈನಿಕರು, ಸುತ್ತ ಹಣತೆ. ಮರಾಠಿಯವರು ಇದನ್ನು ಕಿಲ್ಲಾ ಎಂದೇ ಕರೆಯುತ್ತಾರೆ. ಹಬ್ಬದ ದಿನಗಳಲ್ಲಿ ಮಂಡಳಿಗಳು, ಸಂಘಸಂಸ್ಥೆಗಳು ಕಿಲ್ಲಾ ಸ್ಪರ್ಧೆ ನಡೆಸುತ್ತವೆ. ತೀರ್ಪುಗಾರರು ಅಂಗಳದಿಂದ ಅಂಗಳಕ್ಕೆ ಹೋಗಿ ನೋಡುತ್ತಾರೆ, ಕೋಟೆಯ ಇತಿಹಾಸವನ್ನು ಮಕ್ಕಳ ಬಾಯಿಂದ ಕೇಳುತ್ತಾರೆ, ಅಂಕ ಹಾಕುತ್ತಾರೆ. ನೋಡಲು ಮಕ್ಕಳಾಟದಂತಿರುವ ಈ ವಾಡಿಕೆಯೊಳಗೆ ಒಂದು ಧಾರ್ಮಿಕ ಪ್ರಶ್ನೆ ಇದೆ. ದೊಡ್ಡದೊಂದರ ಪುಟ್ಟ ಪ್ರತಿಯನ್ನು ಶ್ರದ್ಧೆಯಿಂದ ಮಾಡುವುದು ಆರಾಧನೆಯಾಗಬಲ್ಲದೇ? ಆಗಬಲ್ಲದಾದರೆ, ಅದಕ್ಕೆ ಅಂಕ ಹಾಕಿ ಬಹುಮಾನ ಕೊಟ್ಟ ಮೇಲೂ ಅದು ಆರಾಧನೆಯಾಗಿಯೇ ಉಳಿಯುತ್ತದೆಯೇ? ಎರಡಕ್ಕೂ ಹೌದು ಎಂಬುದು ನನ್ನ ಉತ್ತರ. ಆದರೆ ಅದಕ್ಕೊಂದು ಷರತ್ತು ಇದೆ: ಮಾಡುವವರ ಕೈಯೂ ತೀರ್ಪು ಕೊಡುವವರ ಕಣ್ಣೂ ಪಕ್ಕದ ಅಂಗಳದ ಕಡೆಗೆ ತಿರುಗದೆ ಮೂಲದ ಕಡೆಗೇ ತಿರುಗಿರಬೇಕು.

ಈ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಪರರ ಸಂಪ್ರದಾಯ ಎನಿಸಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ ಕಳೆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಜೇಡಿಮಣ್ಣಿನ ಜೋಡೆತ್ತು ಮಾಡಿ, ಜಗಲಿಯ ಮೇಲಿಟ್ಟು ಪೂಜಿಸಿ, ಎಡೆ ಹಿಡಿಯುತ್ತಾರೆ. ಹೊಲ ಉಳುವ ನಿಜವಾದ ಎತ್ತು ಕೊಟ್ಟಿಗೆಯಲ್ಲೇ ಇರುತ್ತದೆ. ಆದರೂ ಗೇಣುದ್ದದ ಮಣ್ಣಿನ ಎತ್ತಿಗೆ ಕೈಮುಗಿಯುತ್ತಾರೆ. ದೀಪಾವಳಿಯ ಪಾಡ್ಯದಂದು ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಹೂವು ಸಿಕ್ಕಿಸಿ ಹೊಸ್ತಿಲ ಬಳಿ ಇಡುವ ಮನೆಗಳೂ ಅಲ್ಲಿವೆ. ಹಳೆ ಮೈಸೂರಿನ ಕಡೆ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಸುತ್ತ ಊರು, ಸಂತೆ, ಜಾತ್ರೆ, ದಸರಾ ಮೆರವಣಿಗೆಗಳೇ ಹಲಗೆಯ ಮೇಲೆ ಮೂಡುತ್ತವೆ. ಪುಟ್ಟ ಪ್ರತಿಗೆ ಪೂಜೆಯ ಸ್ಥಾನ ಕೊಡುವುದು ನಮ್ಮ ಮನೆಗಳಿಗೂ ಹಳೆಯ ರೂಢಿ. ಪ್ಲಾಸ್ಟಿಕ್ ಕಿಟ್ ಜೋಡಿಸಿ ವಿಮಾನ, ಹಡಗು, ರೈಲುಗಳ ಮಾದರಿ ಮಾಡಿ ಪ್ರದರ್ಶನಗಳಿಗೆ ಒಯ್ಯುವ ಹವ್ಯಾಸಿಗಳನ್ನೂ ನಾನು ಇದೇ ಸಾಲಿನಲ್ಲಿ ನಿಲ್ಲಿಸುತ್ತೇನೆ. ಅವರು ಪೂಜೆ ಎಂಬ ಮಾತನ್ನು ಆಡಲಿಕ್ಕಿಲ್ಲ. ಆದರೆ ಅವರ ಕೆಲಸ ಬೇಡುವ ಶಿಸ್ತು ಮಣ್ಣಿನ ಕೋಟೆ ಬೇಡುವ ಶಿಸ್ತೇ.

ಪ್ರತಿಕೃತಿಗೆ ಬೆಲೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ನೆಲದ ತತ್ತ್ವಶಾಸ್ತ್ರದಲ್ಲೇ ಒಂದು ಖಚಿತವಾದ ಉತ್ತರವಿದೆ. ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಜೀವನಿಗೂ ಹರಿಗೂ ಇರುವ ನಂಟನ್ನು ಬಿಂಬ-ಪ್ರತಿಬಿಂಬ ಭಾವದಿಂದ ವಿವರಿಸಿದರು. ಪ್ರತಿಬಿಂಬ ಎಂದರೆ ಸುಳ್ಳು ತೋರಿಕೆ ಎಂದು ಅವರು ಒಪ್ಪಲಿಲ್ಲ. ಪ್ರತಿಬಿಂಬವೂ ಸತ್ಯ. ಆದರೆ ಅದು ಬಿಂಬಕ್ಕಿಂತ ಬೇರೆ, ಬಿಂಬಕ್ಕೆ ಅಧೀನ, ಬಿಂಬಕ್ಕೆ ಸದೃಶ. ಈ ಮೂರೂ ಒಟ್ಟಿಗೆ ಇದ್ದಾಗಲೇ ಅದು ಪ್ರತಿಬಿಂಬ. ಜೀವನ ಕುರಿತು ಹೇಳಿದ ಈ ಲಕ್ಷಣವನ್ನು ಮಣ್ಣಿನ ಕೋಟೆಗೆ ಅನ್ವಯಿಸುವುದು ಸಲಿಗೆಯ ಮಾತಾದೀತು ಎಂಬ ಅಂಜಿಕೆ ನನಗಿದೆ. ಆದರೂ ಪ್ರಾಮಾಣಿಕವಾದ ಮಾದರಿ ಹೇಗಿರಬೇಕು ಎಂದು ಹೇಳಲು ಇದಕ್ಕಿಂತ ಬಿಗಿಯಾದ ಸೂತ್ರ ಸಿಗದು. ಮಾದರಿಯು ತಾನೇ ಮೂಲ ಎಂದು ಹೇಳಿಕೊಳ್ಳಬಾರದು. ಪ್ರತಿ ಸಂದೇಹಕ್ಕೂ ಮೂಲದ ಬಳಿಗೇ ಹೋಗಬೇಕು. ಮೂಲವನ್ನು ಹೋಲುವುದಕ್ಕೆ ಕೈಲಾದಷ್ಟೂ ಶ್ರಮಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಲ್ಲಿ ಅಹಂಕಾರಕ್ಕೋ ಅಲಂಕಾರಕ್ಕೋ ಜಾಗವಾಗುತ್ತದೆ. ಮೂರೂ ಇದ್ದರೆ ಮಾಡುವವನು ತನಗಿಂತ ದೊಡ್ಡದೊಂದಕ್ಕೆ ಅಧೀನನಾಗಿ ನಡೆಯುವುದನ್ನು ಕಲಿಯುತ್ತಾನೆ. ಆರಾಧನೆಯ ತಿರುಳೂ ಅಷ್ಟೇ.

ಗಾತ್ರ ಕುಗ್ಗಿದರೆ ಪಾವಿತ್ರ್ಯ ಕುಗ್ಗುವುದಿಲ್ಲ ಎಂಬುದನ್ನು ನಮ್ಮ ಶಿಲ್ಪಿಗಳು ಅಳತೆಯಿಂದಲೇ ತೋರಿಸಿದ್ದಾರೆ. ಶಿಲ್ಪಶಾಸ್ತ್ರದ ತಾಲಮಾನದಲ್ಲಿ ವಿಗ್ರಹ ಇಂತಿಷ್ಟೇ ಎತ್ತರ ಇರಬೇಕೆಂಬ ಕಟ್ಟಳೆಗಿಂತ ಅಂಗಾಂಗಗಳ ಅನುಪಾತಕ್ಕೆ ಹೆಚ್ಚು ತೂಕ. ನವತಾಲದ ವಿಗ್ರಹಕ್ಕೆ 108 ಅಂಗುಲ, ಉತ್ತಮ ದಶತಾಲಕ್ಕೆ 124 ಅಂಗುಲ. ಆ ಅಂಗುಲವನ್ನು ವಿಗ್ರಹದ ಎತ್ತರವನ್ನೇ ಭಾಗಿಸಿ ಪಡೆಯುತ್ತಾರೆ. ಹಾಗಾಗಿ ಅಂಗೈಯಗಲದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಲೆಕ್ಕ ಒಂದೇ. ಲಕ್ಕುಂಡಿಯ ಕಾಶಿವಿಶ್ವೇಶ್ವರ, 1112ರ ಇಟಗಿಯ ಮಹಾದೇವ ದೇವಾಲಯಗಳ ಗೋಡೆಗಳ ಮೇಲೆ ಶಿಖರಸಮೇತವಾದ ಪುಟ್ಟ ಗುಡಿಗಳು ಸಾಲಾಗಿ ಮೂಡಿವೆ. ಬೇಲೂರಿನ ಮೆಟ್ಟಿಲುಗಳ ಇಕ್ಕೆಲದಲ್ಲೂ ಅಂಥ ಕಿರುಗುಡಿಗಳಿವೆ. ದೊಡ್ಡ ಗುಡಿಯ ಮೈಮೇಲೇ ಗುಡಿಯ ಮಾದರಿಯನ್ನು ಕೆತ್ತಿದವರು ಚಿಕ್ಕದನ್ನು ಕೀಳೆಂದು ಬಗೆದಿರಲಾರರು. ಶರಣರು ದೇವಾಲಯದ ಲಿಂಗವನ್ನು ಬಿಟ್ಟು ಅಂಗೈಯಲ್ಲಿ ಹಿಡಿಯುವ ಇಷ್ಟಲಿಂಗವನ್ನು ಆರಿಸಿಕೊಂಡಾಗಲೂ ಗಾತ್ರವೇ ಮಹಿಮೆ ಎಂಬ ಭ್ರಮೆಯನ್ನು ಒಡೆದರು.

ಇನ್ನು ಅಧೀನತೆಯ ಮಾತು. ಅಂಗಳದಲ್ಲಿ ರಾಯಗಡ ಕಟ್ಟಲು ಹೊರಟ ಮಕ್ಕಳ ಎದುರು ಮೊದಲು ನಿಲ್ಲುವುದು ತಮ್ಮ ಅಜ್ಞಾನ. ಮಹಾದ್ವಾರ ಎರಡು ಬುರುಜುಗಳ ನಡುವೆ ಮರೆಯಾಗಿದೆಯೋ, ದೂರದಿಂದ ಕಾಣುವಂತಿದೆಯೋ? ಗಂಗಾಸಾಗರ ಕೆರೆ ಎಲ್ಲಿ ಬರಬೇಕು? ಬಜಾರುಪೇಟೆಯ ಎರಡು ಸಾಲುಗಳ ನಡುವೆ ಎಷ್ಟು ಅಗಲ ಬಿಡಬೇಕು? ಜಗದೀಶ್ವರ ದೇವಾಲಯದಿಂದ ಮಹಾರಾಜರ ಸಮಾಧಿ ಎಷ್ಟು ದೂರ? ಟಕಮಕ್ ಎಂಬ ಕಡಿದಾದ ಬಂಡೆ ಯಾವ ದಿಕ್ಕಿಗೆ ಚಾಚಿದೆ? ಇವಕ್ಕೆ ಉತ್ತರ ಮಗುವಿನ ಕಲ್ಪನೆಯಲ್ಲಿಲ್ಲ, ಸಹ್ಯಾದ್ರಿಯ ಆ ಬೆಟ್ಟದ ಮೇಲಿದೆ. ನಕಾಶೆ ನೋಡಬೇಕು, ಹೋಗಿಬಂದವರನ್ನು ಕೇಳಬೇಕು, ಸಾಧ್ಯವಾದರೆ ಹತ್ತಿ ನೋಡಬೇಕು. ಕಟ್ಟಿದ್ದು ತಪ್ಪೆಂದು ಗೊತ್ತಾದಾಗ ಕೆಡವಿ ಮತ್ತೆ ಮೆತ್ತಬೇಕು. ನನಗೆ ಹೀಗೆ ಚೆಂದ ಕಾಣುತ್ತದೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ತನ್ನ ಇಷ್ಟವನ್ನು ಬದಿಗಿಟ್ಟು ಇರುವುದನ್ನು ಇರುವಂತೆ ಕಾಣಲು ಕಲಿಸುವ ಕೆಲಸಗಳು ಬಾಲ್ಯದಲ್ಲಿ ಹೆಚ್ಚೇನೂ ಸಿಗುವುದಿಲ್ಲ. ತನ್ನ ಕರ್ಮದಿಂದಲೇ ಭಗವಂತನನ್ನು ಅರ್ಚಿಸಬಹುದು ಎಂದು ಗೀತೆಯ ಹದಿನೆಂಟನೆಯ ಅಧ್ಯಾಯ ಹೇಳುವಾಗ ಇಂಥ ಏಕಾಗ್ರತೆಯೂ ಆ ಮಾತಿನೊಳಗೆ ಸೇರುತ್ತದೆ ಎಂದು ನಾನು ನಂಬುತ್ತೇನೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಹೋಲಿಕೆಯೇ ಲಕ್ಷಣವಾದರೆ ಕಿಲ್ಲಾ ಆ ಪರೀಕ್ಷೆಯಲ್ಲಿ ಸೋಲುವುದಿಲ್ಲವೇ? ರಾಯಗಡ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಅದನ್ನು 3 ಅಡಿಗೆ ಇಳಿಸಿದರೆ ಅಳತೆ ಸುಮಾರು 1:900 ಆಗುತ್ತದೆ. ಆ ಲೆಕ್ಕದಲ್ಲಿ ಮನುಷ್ಯನ ಎತ್ತರ ಎರಡು ಮಿಲಿಮೀಟರಿಗೂ ಕಡಿಮೆ, ಬೆಟ್ಟದ ಮೇಲೆ ಬಿತ್ತಿದ ಸಾಸಿವೆ ಕಾಳಿನಷ್ಟು. ಮೊಳೆತು 5 ಸೆಂಟಿಮೀಟರ್ ಬೆಳೆದ ಸಸಿ 45 ಮೀಟರಿನ ಮರವಾಗುತ್ತದೆ. 20 ಸೆಂಟಿಮೀಟರಿನ ಶಿವಾಜಿ ಮಹಾರಾಜರ ಗೊಂಬೆ 180 ಮೀಟರ್ ಎತ್ತರದ ಪುರುಷನಾಗುತ್ತದೆ. ಒಂದು ಅಂಗುಲಕ್ಕೆ ಆರಡಿ ಎಂಬ 1:72ರ ಅಳತೆಯಲ್ಲಿ ವಿಮಾನ ಮಾಡುವ ಹವ್ಯಾಸಿ ಇದನ್ನು ನೋಡಿ ತಲೆಯಾಡಿಸಬಹುದು. ಆದರೆ ಸಂಕೇತಕ್ಕೂ ಸುಳ್ಳಿಗೂ ವ್ಯತ್ಯಾಸವಿದೆ. ನಮ್ಮ ಗುಡಿಗಳ ಶಿಲ್ಪಗಳಲ್ಲಿ ದೇವರು ದೊಡ್ಡವನು, ಪರಿವಾರ ಚಿಕ್ಕದು, ಕೈಮುಗಿದ ದಾನಿ ಇನ್ನೂ ಚಿಕ್ಕವನು. ಅದು ಗೌರವದ ಅಳತೆ ಎಂದು ನೋಡುವವರೆಲ್ಲರಿಗೂ ಗೊತ್ತು. ಅದರಿಂದ ಯಾರೂ ಮೋಸಹೋಗುವುದಿಲ್ಲ. ಮಹಾರಾಜರ ಗೊಂಬೆ ದೊಡ್ಡದಾಗಿರುವುದೂ ಹಾಗೆಯೇ. ಕೋಟೆಯಲ್ಲಿ ಇಲ್ಲದ ಬುರುಜನ್ನು ಅಂದಕ್ಕಾಗಿ ಏರಿಸಿ ಇದು ಪ್ರತಾಪಗಡ ಎಂದು ಹೆಸರಿಡುವುದು ಬೇರೆ ಮಾತು, ಏಕೆಂದರೆ ನೋಡಿದವರು ಅದನ್ನು ನಿಜವೆಂದೇ ನಂಬುತ್ತಾರೆ. ಕಿಟ್ ಜೋಡಿಸುವವರ ಅಳತೆಯೂ ಎಲ್ಲವನ್ನೂ ಹಿಡಿಯುವುದಿಲ್ಲ. 1:72ರಲ್ಲಿ ಉದ್ದ 72ರಲ್ಲಿ ಒಂದು ಪಾಲಾದರೆ ಘನಗಾತ್ರ 3,73,248ರಲ್ಲಿ ಒಂದು ಪಾಲಾಗುತ್ತದೆ. ಆಕಾರ ಇಳಿಯುತ್ತದೆ, ಮೂಲದ ಭಾರ ಅದರೊಂದಿಗೆ ಇಳಿದು ಬರುವುದಿಲ್ಲ. ಯಾವ ಪ್ರತಿಯೂ ಮೂಲಕ್ಕೆ ಸಮನಾಗದು. ಎಷ್ಟರ ಮಟ್ಟಿಗೆ ಹೋಲಬಲ್ಲೆ, ಎಲ್ಲಿ ಹೋಲಲಾರೆ ಎಂಬುದನ್ನು ಬಲ್ಲ ಪ್ರತಿಯೇ ಸಾಚಾ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಬಹುಮಾನದ ಆಸೆ ಹೊಕ್ಕ ಕಡೆ ಭಕ್ತಿ ಎಲ್ಲಿ ಉಳಿದೀತು? ಫಲದ ಮೇಲೆ ಕಣ್ಣಿಟ್ಟು ಮಾಡಿದ ಕರ್ಮ ಬಂಧಿಸುತ್ತದೆ ಎಂದು ಗೀತೆಯೇ ಹೇಳುತ್ತದಲ್ಲ? ಇದಕ್ಕೆ ಎರಡು ನಿದರ್ಶನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಇಂದಿಗೂ ಓದಸಿಗುತ್ತವೆ. ಎದುರಾಳಿ ಶಿಲ್ಪಿಗಳನ್ನು ಮಣಿಸಿದವರು ಎಂದು ಸಾರುವ ಬಿರುದುಗಳನ್ನೂ ಅಂದಿನ ರೂವಾರಿಗಳು ಹೆಸರಿನೊಡನೆ ಕೆತ್ತಿಕೊಂಡಿದ್ದಾರೆ. ದೇವರ ಗುಡಿಯಲ್ಲೇ ಪೈಪೋಟಿ ಬಹಿರಂಗವಾಗಿ ನಡೆದಿತ್ತು. ಅದರಿಂದ ಮದನಿಕೆಯರ ಮುಖ ಕಂದಲಿಲ್ಲ. ಇನ್ನೊಂದು ನಿದರ್ಶನ ರಾಯಗಡದ್ದೇ. ಆ ಕೋಟೆಯ ಕಟ್ಟಡಗಳನ್ನು ಕಟ್ಟಿಸಿದ ಹಿರೋಜಿ ಇಂದುಲ್ಕರ್ ತನ್ನ ಹೆಸರನ್ನು ಜಗದೀಶ್ವರ ದೇವಾಲಯದ ಮೆಟ್ಟಿಲ ಕಲ್ಲಿನಲ್ಲಿ ಸೇವೆಗೆ ಸಿದ್ಧನಾದವನೆಂದು ಬರೆಸಿದ. ದರ್ಶನಕ್ಕೆ ಬರುವವರ ಪಾದಧೂಳಿ ತನ್ನ ಹೆಸರಿನ ಮೇಲೆ ಬೀಳಲಿ ಎಂಬ ಆಸೆ ಅವನದಾಗಿತ್ತು ಎಂದು ಜನ ಹೇಳುತ್ತಾರೆ. ಒಬ್ಬರು ಹೆಸರನ್ನು ಗೋಡೆಗೇರಿಸಿದರು, ಇನ್ನೊಬ್ಬ ಮೆಟ್ಟಿಲಿಗಿಳಿಸಿದ. ಕೆಲಸ ಇಬ್ಬರದ್ದೂ ಶ್ರೇಷ್ಠ. ಹೆಸರಿನ ಆಸೆ ಇದ್ದಾಗಲೂ ಕೆಲಸದ ಹೊತ್ತಿನಲ್ಲಿ ಉಳಿಯ ತುದಿ ಕಲ್ಲಿಗೆ ಮಾತ್ರ ವಿಧೇಯವಾಗಿದ್ದರೆ ಆ ಕೆಲಸ ಕೆಡುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ. ಕೆಡುವುದು ಮಾನದಂಡವೇ ಬದಲಾದಾಗ, ಅಂದರೆ ಮೂಲಕ್ಕೆ ಎಷ್ಟು ಹತ್ತಿರ ಎಂಬ ಪ್ರಶ್ನೆಯ ಜಾಗದಲ್ಲಿ ಪಕ್ಕದವರಿಗಿಂತ ಎಷ್ಟು ಜೋರು ಎಂಬ ಪ್ರಶ್ನೆ ಬಂದು ಕೂತಾಗ. ಬಣ್ಣದ ದೀಪ, ಕಾರಂಜಿ, ಧ್ವನಿವರ್ಧಕಗಳಿಗೆ ಅಂಕ ಸಿಗತೊಡಗಿದರೆ ಮಕ್ಕಳು ಕೋಟೆಯನ್ನು ಬಿಟ್ಟು ಅವನ್ನೇ ಕಟ್ಟುತ್ತಾರೆ.

ಹಾಗಾಗಿ ತೀರ್ಪಿನ ಕ್ರಮವೇ ಇಲ್ಲಿ ಧರ್ಮದ ಪ್ರಶ್ನೆಯಾಗುತ್ತದೆ. ಕಿಟ್ ಮಾದರಿಗಳ ಸ್ಪರ್ಧೆಗಳಲ್ಲಿ ಜಗತ್ತಿನಾದ್ಯಂತ ಎರಡು ಪದ್ಧತಿಗಳಿವೆ. ಒಂದರಲ್ಲಿ ಮೇಜಿನ ಮೇಲಿರುವ ಮಾದರಿಗಳನ್ನು ಒಂದಕ್ಕೊಂದು ಹೋಲಿಸಿ ಮೊದಲ, ಎರಡನೆಯ, ಮೂರನೆಯ ಸ್ಥಾನ ಕೊಡುತ್ತಾರೆ. ಇನ್ನೊಂದರಲ್ಲಿ ಪ್ರತಿ ಮಾದರಿಯನ್ನೂ ನಿಗದಿಯಾದ ಗುಣಮಟ್ಟದ ಎದುರಿಗೆ ನಿಲ್ಲಿಸಿ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ಕೊಡುತ್ತಾರೆ. ಆ ಮಟ್ಟ ಮುಟ್ಟಿದವರು ಹತ್ತು ಮಂದಿ ಇದ್ದರೆ ಹತ್ತು ಮಂದಿಗೂ ಚಿನ್ನ, ಯಾರೂ ಮುಟ್ಟದಿದ್ದರೆ ಯಾರಿಗೂ ಇಲ್ಲ. ಎರಡರಲ್ಲೂ ತೀರ್ಪುಗಾರರು ಕಿರುಟಾರ್ಚ್ ಹಿಡಿದು ಮೊದಲು ನೋಡುವುದು ಬುನಾದಿಯ ಕೆಲಸವನ್ನು: ಎರಡು ಹೋಳುಗಳು ಕೂಡಿದ ಗೆರೆ ಉಜ್ಜಿ ಮರೆಯಾಗಿದೆಯೇ, ರೆಕ್ಕೆಗಳೆರಡೂ ಒಂದೇ ಕೋನದಲ್ಲಿವೆಯೇ, ಅಂಟು ಹೊರಗೆ ಸುರಿದಿದೆಯೇ. ಬಣ್ಣದ ಬೆಡಗು ಆಮೇಲಿನದು. ದರ್ಜೆ ಕೊಡುವ ಎರಡನೆಯ ಪದ್ಧತಿ ಆರಾಧನೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ತೀರ್ಮಾನ. ಅಲ್ಲಿ ಎದುರಾಳಿ ಇಲ್ಲ, ಒಂದು ಮಟ್ಟ ಇದೆ. ಇನ್ನೊಬ್ಬರ ಸೋಲಿನಿಂದ ನಮ್ಮ ಕೆಲಸ ಎಳ್ಳಷ್ಟೂ ಮೇಲಾಗುವುದಿಲ್ಲ. ಮೂಲದ ಮುಂದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಮೂರನೆಯ ಆಕ್ಷೇಪ ತತ್ತ್ವಜ್ಞಾನಿಗಳದು. ಅನುಕರಣೆ ಎಷ್ಟಾದರೂ ಕೀಳು, ಹೊಸದನ್ನು ಸೃಷ್ಟಿಸುವುದೇ ಮೇಲು ಎನ್ನುವವರಿದ್ದಾರೆ. ಪ್ಲೇಟೋ ತನ್ನ ರಿಪಬ್ಲಿಕ್ ಗ್ರಂಥದ ಹತ್ತನೆಯ ಭಾಗದಲ್ಲಿ ಮಂಚದ ಚಿತ್ರ ಬರೆಯುವವನು ಸತ್ಯದಿಂದ ಬಹುದೂರ ನಿಂತವನು ಎಂದು ವಾದಿಸಿದ. ಆದರೆ ಅದೇ ಭಾಗದಲ್ಲಿ, ಕಣ್ಣಿನ ಭ್ರಮೆಯಿಂದ ನಮ್ಮನ್ನು ಪಾರುಮಾಡುವುದು ಅಳೆಯುವುದು, ಎಣಿಸುವುದು, ತೂಗುವುದು ಎಂದೂ ಅವನು ಹೇಳುತ್ತಾನೆ. ಅವನಿಗೆ ಒಪ್ಪಿಗೆಯಾಗದ ಅನುಕರಣೆ ತೋರಿಕೆಯದು. ಅಳತೆ ಹಿಡಿದು ಮಾಡುವ ಪ್ರತಿ ಆ ತಕರಾರಿನಿಂದ ಬಹುಮಟ್ಟಿಗೆ ಪಾರಾಗುತ್ತದೆ. ಇನ್ನು, ಇದು ಕಾಯಕವಾಗುವುದಿಲ್ಲ, ಇದರಿಂದ ಯಾರ ಹೊಟ್ಟೆ ತುಂಬುತ್ತದೆ, ನಿಜವಾದ ಕೋಟೆಗಳು ಪಾಳುಬಿದ್ದಿರುವಾಗ ಅಂಗಳದಲ್ಲಿ ಆಟಿಕೆಕೋಟೆ ಏತಕ್ಕೆ ಎಂದೂ ಕೇಳಬಹುದು. ಕಾಯಕಕ್ಕೆ ದಾಸೋಹ ಸೇರಿರಬೇಕೆಂಬುದು ಶರಣರ ಮಾತು. ಹವ್ಯಾಸ ಆ ಸ್ಥಾನಕ್ಕೆ ಏರುವುದಿಲ್ಲ ಎಂದು ಒಪ್ಪುತ್ತೇನೆ. ಆದರೆ ಒಂದು ಬುರುಜಿನ ತಿರುವನ್ನು ಕೈಯಾರೆ ಮಣ್ಣಿನಲ್ಲಿ ತಿದ್ದಿದ ಮಗು ಆ ಬುರುಜಿನ ಕಲ್ಲಿನ ಮೇಲೆ ತನ್ನ ಹೆಸರು ಗೀಚುವುದು ಕಷ್ಟ. ಮಹಾರಾಷ್ಟ್ರದಲ್ಲಿ ರಜಾದಿನಗಳಲ್ಲಿ ಕೋಟೆ ಹತ್ತಿ ಕಸ ಹೆಕ್ಕುವ, ಹೂಳು ತೆಗೆಯುವ ಸ್ವಯಂಸೇವಕ ತಂಡಗಳು ಹಲವಿವೆ. ಮೂಲದ ಮೇಲಿನ ಅಕ್ಕರೆ ಎಲ್ಲಿಂದಲಾದರೂ ಮೊಳೆಯಲೇಬೇಕು.

ಕೊನೆಯ ಆಕ್ಷೇಪವನ್ನು ಕನ್ನಡಿಗರು ವಿಶೇಷವಾಗಿ ಎತ್ತಬಹುದು. ಕೋಟೆ ಯುದ್ಧದ ವಸ್ತು. ಅದನ್ನು ಪೂಜಿಸುವುದು ನಮ್ಮವರು, ಪರರು ಎಂಬ ಗೋಡೆಯನ್ನು ಮಕ್ಕಳ ಮನಸ್ಸಿನಲ್ಲಿ ಎಬ್ಬಿಸುವುದಿಲ್ಲವೇ? ಬರಿಯ ಜಯಘೋಷಕ್ಕಾಗಿ ಕಟ್ಟಿದರೆ ಎಬ್ಬಿಸೀತು. ಮೂಲಕ್ಕೆ ನಿಷ್ಠವಾಗಿ ಕಟ್ಟಿದರೆ ಆ ಗೋಡೆ ತಾನಾಗಿ ಕುಸಿಯುತ್ತದೆ. 2025ರ ಜುಲೈಯಲ್ಲಿ ಯುನೆಸ್ಕೋ ಮರಾಠಾ ಸೇನಾ ಭೂದೃಶ್ಯಗಳೆಂದು 12 ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 11 ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಅವುಗಳಲ್ಲಿ ಒಂದಾದ ಪನ್ಹಾಳವನ್ನು ಕಟ್ಟಲು ಕೂತವರು ಅದರ ತೀನ್ ದರವಾಜಾದ ಕಮಾನನ್ನು ಸರಿಯಾಗಿ ಮೂಡಿಸಬೇಕಾದರೆ ವಿಜಯಪುರದ ಆದಿಲಶಾಹಿಗಳ ಕೆಲಸವನ್ನು ಅರಿಯಬೇಕು. ಅದಕ್ಕೂ ಹಿಂದೆ ಆ ಕೋಟೆ ಶಿಲಾಹಾರರ ಇಮ್ಮಡಿ ಭೋಜನದು. ಆ ಮನೆತನದ ಹಲವು ಶಾಸನಗಳು ಕನ್ನಡದಲ್ಲಿವೆ. ಠಾಣೆಯ ಕೋಟೆಯನ್ನು ಪೋರ್ಚುಗೀಸರು ಕಟ್ಟತೊಡಗಿದರು, 1737ರಲ್ಲಿ ಮರಾಠರು ಗೆದ್ದರು, 1774ರಲ್ಲಿ ಬ್ರಿಟಿಷರು ಹಿಡಿದರು. ಇಂದು ಅದು ಸೆಂಟ್ರಲ್ ಜೈಲು. ಕಲ್ಯಾಣವನ್ನು ಶಿವಾಜಿ 1657ರಲ್ಲಿ ವಶಪಡಿಸಿಕೊಂಡರು. ಅವರ ತಂದೆ ಶಹಾಜಿಯ ಸಮಾಧಿ ಇರುವುದು ನಮ್ಮ ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ. ಕಲ್ಲುಗಳನ್ನು ಒಂದೊಂದಾಗಿ ನಿಜಕ್ಕೆ ತಕ್ಕಂತೆ ಇಡುತ್ತ ಹೋದವರಿಗೆ ಈ ಕೋಟೆಗಳು ಒಬ್ಬರ ಸೊತ್ತಾಗಿ ಕಾಣುವುದಿಲ್ಲ.

ಇಷ್ಟಾಗಿಯೂ ಕಿಲ್ಲಾ ಹಬ್ಬ ಮುಗಿದ ಮೇಲೆ ಉಳಿಯುವುದಿಲ್ಲ. ಗೊಂಬೆಗಳು ಪೆಟ್ಟಿಗೆ ಸೇರುತ್ತವೆ, ಮಣ್ಣು ಗಿಡಗಳ ಬುಡಕ್ಕೆ ಹೋಗುತ್ತದೆ. ಇದನ್ನು ನಾನು ಕೊರತೆ ಎನ್ನುವುದಿಲ್ಲ. ನಿಂತದ್ದು ಅಳಿಯುತ್ತದೆ ಎಂದು ಶರಣರು ಎಚ್ಚರಿಸಿದ್ದು ಕಟ್ಟಿದ್ದಕ್ಕೆ ಅಂಟಿಕೊಳ್ಳುವವರನ್ನು. ಅಳಿಯುತ್ತದೆ ಎಂದು ತಿಳಿದೂ ಸರಿಯಾಗಿಯೇ ಕಟ್ಟಿದವರಲ್ಲಿ ಆ ಅಂಟು ಸಡಿಲವಾಗಿರುತ್ತದೆ. ಗಾಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಮಾದರಿಗಳನ್ನು ಕಾಪಿಡುವ ಹವ್ಯಾಸಿಗಳು ಈ ಪಾಠವನ್ನು ಮಣ್ಣಿನ ಮಕ್ಕಳಿಂದ ಕಲಿಯಬೇಕು. ನಿಜವಾದ ಅಪಾಯ ಬೇರೆ ಕಡೆಯಿದೆ: ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಸಿದ್ಧ ಕೋಟೆ ಅಂಗಡಿಯಲ್ಲೇ ಸಿಗುತ್ತಿದೆ. ಅದನ್ನು ಕೊಂಡು ತಂದು ಇಟ್ಟರೆ ನೋಡಲು ಹೋಲಿಕೆ ಇರುತ್ತದೆ, ಆದರೆ ಆ ಮನೆಯಲ್ಲಿ ಯಾರೂ ಮೂಲವನ್ನು ಕೇಳಿ ತಿಳಿದು ಕೈ ತಿದ್ದಿಕೊಂಡಿರುವುದಿಲ್ಲ.

ಆದ್ದರಿಂದ ಈ ಊರುಗಳಲ್ಲಿ ಸ್ಪರ್ಧೆ ನಡೆಸುವ ಮಂಡಳಿಗಳಲ್ಲಿ, ಇಲ್ಲಿನ ಕನ್ನಡ ಸಂಘಗಳಲ್ಲಿ, ತಂದೆತಾಯಿಯರಲ್ಲಿ ನನ್ನ ಕೋರಿಕೆ ಇದು. ಮೊದಲ ಸ್ಥಾನದ ಒಂದೇ ಕಪ್ಪಿನ ಬದಲು ಮಟ್ಟ ಮುಟ್ಟಿದ ಎಲ್ಲರಿಗೂ ದರ್ಜೆ ಕೊಡಿ. ದೀಪ, ಧ್ವನಿಗಳಿಗೆ ಅಂಕ ಬೇಡ. ಕೋಟೆಯ ನಕಾಶೆಗೂ ಅಂಗಳದ ಕಿಲ್ಲೆಗೂ ಇರುವ ಹೊಂದಿಕೆಗೆ, ಅದನ್ನು ಕಟ್ಟಿದವರೆಲ್ಲರ ಹೆಸರು ಮಕ್ಕಳಿಗೆ ತಿಳಿದಿದೆಯೇ ಎಂಬುದಕ್ಕೆ ಅಂಕ ಇರಲಿ. ದೊಡ್ಡವರು ಮಕ್ಕಳ ಕೈಯಿಂದ ಮಣ್ಣು ಕಸಿದುಕೊಂಡು ತಾವೇ ಕಟ್ಟಿಕೊಡುವುದು ನಿಲ್ಲಲಿ. ದಸರೆಯ ಗೊಂಬೆ ಕೂರಿಸುವ ಕನ್ನಡದ ಮನೆಗಳು ಈ ಬಾರಿ ಇಟಗಿಯದೋ ಲಕ್ಕುಂಡಿಯದೋ ಒಂದು ಗುಡಿಯನ್ನು ಅಳತೆ ಹಿಡಿದು ಮಣ್ಣಿನಲ್ಲಿ ಮಾಡಿ ನೋಡಲಿ. ಹೋಲುವುದಕ್ಕಾಗಿ ಬಾಗಿದ ಕೈಗೆ ಬಹುಮಾನ ಬಂದರೂ ಸರಿ, ಬಾರದಿದ್ದರೂ ಸರಿ; ಅದು ಮಾಡಿದ ಪೂಜೆ ಸಂದಿರುತ್ತದೆ.